ನೆಲದಡಿಯ ನಿದ್ರಾಲಯಗಳು

(ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ, ಸಕಲ ಮೃತ ವಿಶ್ವಾಸಿಗಳ ಸ್ಮರಣೆಯ ಹಿಂದಿನ ಸಂಜೆ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣದ ಬರಹರೂಪ)



ಶತಮಾನೋತ್ಸವದ ಉದ್ಘಾಟನೆಯ ದಿನ ನಮ್ಮ ಧರ್ಮೋಪದೇಶ ವರ್ಗದ ಮಕ್ಕಳು ಇದೇ ವೇದಿಕೆಯ ಮೇಲೆ ಒಂದು ಕಿರುನಾಟಕವನ್ನು ಆಡಿ ತೋರಿಸಿದುದು ತಮಗೆ ನೆನಪಿರಬಹುದು. ಕರಿಯ ಬಟ್ಟೆಯಿಂದ ಕಟ್ಟಿದ ಗವಿಯೊಂದರಲ್ಲಿ ಆದಿಕಾಲದ ಕ್ರೈಸ್ತರು ಅಡಗಿ ಕುಳಿತಿದ್ದರು. ರಟ್ಟಿನ ಶಿರಸ್ತ್ರಾಣ ಧರಿಸಿದ ರೋಮಿನ ಸೈನಿಕರು ಅವರನ್ನು ಅರಸುತ್ತ ಬಂದರು. ಮಕ್ಕಳ ಅಭಿನಯ ಹೃದಯಂಗಮವಾಗಿತ್ತು. ನಾವೂ ಮನಸಾರೆ ಚಪ್ಪಾಳೆ ತಟ್ಟಿದೆವು. ಆದರೆ ಆ ನಾಟಕದಲ್ಲಿ ಒಂದು ತಪ್ಪಿತ್ತು. ತಪ್ಪು ಮಕ್ಕಳದಲ್ಲ, ಅದನ್ನು ಕಲಿಸಿದ ನಮ್ಮದು. ಗುರುಮಠಕ್ಕೆ ಸೇರುವವರೆಗೆ ನಾವೂ ಹಾಗೆಯೇ ನಂಬಿದ್ದೆವು. ಗುರುದೀಕ್ಷೆಯಾದ ಮೇಲೆಯೂ ಹಳೆಯ ಅಭ್ಯಾಸಬಲದಿಂದ ಎಷ್ಟೋ ಪ್ರಬೋಧನೆಗಳಲ್ಲಿ ಹಾಗೆಯೇ ಹೇಳಿದ್ದೇವೆ. ಕಾರ್ಡಿನಲ್ ವೈಸ್‌ಮನ್ನರು 1854ರಲ್ಲಿ ಪ್ರಕಟಿಸಿದ 'ಫಾಬಿಯೋಲಾ' ಎಂಬ ಕಾದಂಬರಿಯೂ ಆ ಬಳಿಕ ಬಂದ ಚಲನಚಿತ್ರಗಳೂ ಈ ಕಲ್ಪನೆಯನ್ನು ಲೋಕದ ಮನಸ್ಸಿನಲ್ಲಿ ಅಚ್ಚೊತ್ತಿಬಿಟ್ಟಿವೆ.

ರೋಮಿನ ನೆಲಮಾಳಿಗೆಯ ಸಮಾಧಿಗಳು, ಅಂದರೆ ಕ್ಯಾಟಕೂಂಬುಗಳು, ಅಡಗುದಾಣಗಳಾಗಿರಲಿಲ್ಲ. ಅವು ಸ್ಮಶಾನಗಳು. ಅವು ಎಲ್ಲಿವೆ ಎಂಬುದು ಸರ್ಕಾರಕ್ಕೆ ಚೆನ್ನಾಗಿ ತಿಳಿದಿತ್ತು. ಕ್ರಿ.ಶ. 257ರಲ್ಲಿ ವಲೇರಿಯನ್ ಚಕ್ರವರ್ತಿ ಕ್ರೈಸ್ತರು ತಮ್ಮ ಸ್ಮಶಾನಗಳಿಗೆ ಹೋಗಕೂಡದೆಂದು ಆಜ್ಞೆ ಹೊರಡಿಸಿದನು. ಮರುವರ್ಷ, 258ರ ಆಗಸ್ಟ್ 6ರಂದು, ಜಗದ್ಗುರು ಎರಡನೆಯ ಸಿಕ್ಸ್ತುಸರನ್ನು ಅಂತಹ ಸ್ಮಶಾನವೊಂದರಲ್ಲೇ ಹಿಡಿದು ತಲೆ ಕಡಿಯಲಾಯಿತು. ನಾಲ್ಕು ದಿನಗಳ ಬಳಿಕ ಅವರ ಸೇವಾದರ್ಶಿ ಸಂತ ಲಾರೆನ್ಸರೂ ವೇದಸಾಕ್ಷಿಯಾದರು. ಗುಟ್ಟಿನ ತಾಣವಾಗಿದ್ದರೆ ಸೈನಿಕರು ನೇರವಾಗಿ ಅಲ್ಲಿಗೆ ಬರುತ್ತಿದ್ದರೇ? ಹಾಗಾದರೆ ನಮ್ಮ ಪೂರ್ವಿಕರು ಅಷ್ಟು ಆಳಕ್ಕೆ, ಅಷ್ಟು ಉದ್ದಕ್ಕೆ ಏಕೆ ಅಗೆದರು? ಇದಕ್ಕೆ ಉತ್ತರ ಶೌರ್ಯದ ಕಥೆಯಷ್ಟು ರೋಮಾಂಚಕವಾಗಿಲ್ಲ. ಆದರೆ ನಮ್ಮ ಧರ್ಮಕೇಂದ್ರದ ಮುಂದಿರುವ ಪ್ರಶ್ನೆಯೊಂದಕ್ಕೆ ಅದು ಬಹಳ ಹತ್ತಿರದ್ದು.

ರೋಮನ್ನರ ಅತಿ ಪ್ರಾಚೀನವಾದ ಹನ್ನೆರಡು ಫಲಕಗಳ ಶಾಸನವು ಊರಿನ ಗೋಡೆಯೊಳಗೆ ಹೆಣವನ್ನು ಹೂಳುವುದನ್ನೂ ಸುಡುವುದನ್ನೂ ನಿಷೇಧಿಸಿತ್ತು. ಆದುದರಿಂದ ಸಮಾಧಿಗಳೆಲ್ಲ ಊರ ಹೊರಗಿನ ಹೆದ್ದಾರಿಗಳ ಪಕ್ಕದಲ್ಲಿದ್ದವು. ಅಲ್ಲಿಯ ಭೂಮಿ ದುಬಾರಿ. ಮೃತರನ್ನು ದಹಿಸುತ್ತಿದ್ದವರಿಗೆ ಒಂದು ಚಿಕ್ಕ ಗೂಡು ಸಾಕಾಗುತ್ತಿತ್ತು. ದೇಹದ ಪುನರುತ್ಥಾನವನ್ನು ನಂಬಿ ಹೂಳುತ್ತಿದ್ದ ಕ್ರೈಸ್ತರಿಗೂ, ಹೂಳುವ ಸಂಪ್ರದಾಯವಿದ್ದ ಯೆಹೂದ್ಯರಿಗೂ ಪ್ರತಿ ದೇಹಕ್ಕೆ ಆರಡಿ ಜಾಗ ಬೇಕಾಗಿತ್ತು. ಅಗಲಕ್ಕೆ ಹೋಗಲು ಹಣವಿಲ್ಲದಿದ್ದುದರಿಂದ ಆಳಕ್ಕೆ ಹೋದರು. ಮೆಟ್ಟಿಲುಗಳನ್ನು ಕೊರೆದು, ಒಬ್ಬರು ನಡೆಯುವಷ್ಟು ಅಗಲದ ಓಣಿಗಳನ್ನು ತೋಡಿ, ಓಣಿಯ ಎರಡೂ ಗೋಡೆಗಳಲ್ಲಿ ಒಂದರ ಮೇಲೊಂದರಂತೆ ದೇಹದುದ್ದದ ಗೂಡುಗಳನ್ನು ಕೊರೆದರು. ಜಾಗ ಮುಗಿದಾಗ ಓಣಿಯ ನೆಲವನ್ನೇ ಇನ್ನಷ್ಟು ಅಗೆದು ತಗ್ಗಿಸುತ್ತಿದ್ದರು. ಹೀಗಾಗಿ ಎಷ್ಟೋ ಓಣಿಗಳಲ್ಲಿ ಮೇಲಿನ ಗೂಡೇ ಹಳೆಯದು, ಕೆಳಗಿನದು ಹೊಸದು. ರೋಮಿನ ಸುತ್ತ ಇಂತಹ ಸುಮಾರು 60 ಸ್ಮಶಾನಗಳಿವೆ. ಆಪ್ಪಿಯ ಹೆದ್ದಾರಿಯ ಪಕ್ಕದ ಸಂತ ಕಲ್ಲಿಸ್ತುಸರ ಸ್ಮಶಾನವೊಂದರಲ್ಲೇ ಓಣಿಗಳ ಒಟ್ಟು ಉದ್ದ ಸುಮಾರು 20 ಕಿಲೋಮೀಟರು. ನಮ್ಮ ಚರ್ಚಿನ ಬಾಗಿಲಿನಿಂದ ಬೆಳಗಾವಿಯ ಹಾದಿ ಹಿಡಿದರೆ ಬಹುಪಾಲು ದಾರಿ ಸವೆಯುವಷ್ಟು ಉದ್ದ ಅದು.

ಇಷ್ಟನ್ನು ಕೈಗುದ್ದಲಿಯಿಂದ ತೋಡಲು ಸಾಧ್ಯವಾದದ್ದು ಅಲ್ಲಿಯ ಕಲ್ಲಿನ ಗುಣದಿಂದ. ತೂಫಾ ಎಂಬ ಆ ಕಲ್ಲು ನೆಲದಡಿಯಲ್ಲಿರುವಾಗ ಮೆದು. ಗಾಳಿ ತಗುಲಿದ ಮೇಲೆ ಗಟ್ಟಿಯಾಗುತ್ತದೆ. ಈ ಮಾತನ್ನು ಗುರುಮಠದ ಪ್ರಾಧ್ಯಾಪಕರು ವಿವರಿಸಿದಾಗ ಗೋವೆಯ ಮತ್ತು ಈ ಗಡಿಯ ಕಡೆಯ ನಮಗೆಲ್ಲ ನಗು ಬಂದಿತ್ತು. ಏಕೆಂದರೆ ನಾವು ಹುಟ್ಟಿದ ಮನೆಗಳ ಗೋಡೆಯ ಕೆಂಪು ಚಿರೇಕಲ್ಲಿನ ಗುಣವೂ ಅದೇ. ಗಣಿಯಲ್ಲಿ ಕೊಡಲಿಯಿಂದ ಕಡಿದು ತೆಗೆಯಬಹುದು, ಬಿಸಿಲಿಗಿಟ್ಟರೆ ಇಟ್ಟಿಗೆಯಂತಾಗುತ್ತದೆ. 1807ರಲ್ಲಿ ಪ್ರಕಟವಾದ ತಮ್ಮ ಪ್ರವಾಸಗ್ರಂಥದಲ್ಲಿ ಫ್ರಾನ್ಸಿಸ್ ಬುಕಾನನ್ನರು ಮಲಬಾರಿನಲ್ಲಿ ಕಂಡ ಈ ಕಲ್ಲಿಗೆ 'ಲ್ಯಾಟರೈಟ್' ಎಂಬ ಹೆಸರಿಟ್ಟದ್ದೂ ಈ ಕಾರಣದಿಂದಲೇ. ಲತೀನಿನಲ್ಲಿ 'ಲಾತೆರ್' ಎಂದರೆ ಇಟ್ಟಿಗೆ. ಆದರೂ ಖಾನಾಪುರದಲ್ಲಿ ಕ್ಯಾಟಕೂಂಬು ಆಗುವಂತಿಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿಯ ತಾಲೂಕು ನಮ್ಮದು. ಆಷಾಢದಲ್ಲಿ ಇಲ್ಲಿ ನಾಲ್ಕಡಿ ಅಗೆಯುವಷ್ಟರಲ್ಲಿ ಕುಣಿಯೊಳಗೆ ನೀರು ಜಿನುಗುತ್ತದೆ. ಬಕೆಟ್ಟಿನಿಂದ ಎತ್ತಿ ಚೆಲ್ಲುತ್ತಿರುವಾಗಲೇ ಪೆಟ್ಟಿಗೆ ಇಳಿಸಿದ ಅನುಭವ ಇಲ್ಲಿರುವ ಅನೇಕರಿಗಿದೆ.

ಗೂಡು ಕೊರೆದು ಮೃತರನ್ನು ಇರಿಸುವುದು ಪರದೇಶದ ವಿಚಿತ್ರ ಪದ್ಧತಿಯೆಂದು ಯಾರೂ ಭಾವಿಸಬೇಕಾಗಿಲ್ಲ. ನಮ್ಮ ನೆರೆಯ ಲಿಂಗಾಯತ ಬಂಧುಗಳ ಮಣ್ಣಿಗೆ ಹೋದವರಿಗೆ ಇದು ತಿಳಿದ ವಿಷಯ. ಕುಣಿ ತೋಡಿ, ಅದರ ಒಂದು ಮಗ್ಗುಲಲ್ಲಿ ಗೂಡು ಕೊರೆದು, ಮೃತರನ್ನು ಕುಳಿತ ಭಂಗಿಯಲ್ಲಿರಿಸಿ, ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಅವರು ಸಮಾಧಿ ಮಾಡುತ್ತಾರೆ. ಮುಸಲ್ಮಾನ ಬಂಧುಗಳೂ ಕುಣಿಯ ಮಗ್ಗುಲಲ್ಲಿ 'ಲಹದ್' ಎಂಬ ಗೂಡನ್ನು ಕೊರೆಯುವುದುಂಟು. ಇನ್ನೂ ಹಿಂದಕ್ಕೆ ಹೋದರೆ, 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವ್ಹೀಲರರು ಉತ್ಖನನ ಮಾಡಿದಾಗ ನೆಲದಡಿಯಲ್ಲಿ ಚಪ್ಪಡಿಕಲ್ಲುಗಳಿಂದ ಕಟ್ಟಿದ ಕೋಣೆಗಳು ದೊರೆತವು. ಒಂದೊಂದು ಕೋಣೆಯ ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಒಳಗೆ ಒಬ್ಬರಲ್ಲ, ಹಲವರ ಎಲುಬುಗಳು, ಮಡಕೆಗಳೊಡನೆ ಒಟ್ಟಾಗಿ ಕೂಡಿಸಿಟ್ಟವು. ಕ್ರಿಸ್ತಪೂರ್ವದಲ್ಲೇ ಈ ನಾಡಿನ ಜನ ತಮ್ಮವರ ಎಲುಬುಗಳನ್ನು ಒಂದೇ ಕೋಣೆಯಲ್ಲಿ ಕೂಡಿಸುತ್ತಿದ್ದರೆಂಬುದನ್ನು ತಾವು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಈ ಮಾತು ಮುಂದೆ ಮತ್ತೆ ಬರುತ್ತದೆ. ನಂದಗಡದಲ್ಲಿ 1831ರ ಜನವರಿ 26ರಂದು ಗಲ್ಲಿಗೇರಿಸಲ್ಪಟ್ಟ ಸಂಗೊಳ್ಳಿ ರಾಯಣ್ಣನ ಸಮಾಧಿಯೂ ಮಣ್ಣಿನದೇ. ಆ ಆಲದ ಮರದಡಿಗೆ ಇಂದಿಗೂ ಜನ ಬರುವುದು ಅಮೃತಶಿಲೆಯನ್ನು ನೋಡಲು ಅಲ್ಲ.

ಈಗ ರೋಮಿಗೆ ಮರಳೋಣ. ಕ್ರಿ.ಶ. 200ರ ಸುಮಾರಿಗೆ ಜಗದ್ಗುರು ಝೆಫಿರಿನುಸರು ಕಲ್ಲಿಸ್ತುಸರೆಂಬ ಸೇವಾದರ್ಶಿಯನ್ನು ಶ್ರೀಸಭೆಯ ಸ್ಮಶಾನದ ಮೇಲ್ವಿಚಾರಕರನ್ನಾಗಿ ನೇಮಿಸಿದರು. ಈ ಕಲ್ಲಿಸ್ತುಸರು ಹಿಂದೆ ಗುಲಾಮರಾಗಿದ್ದವರು. ಶಿಕ್ಷೆಗೊಳಗಾಗಿ ಸಾರ್ಡೀನಿಯದ ಗಣಿಯಲ್ಲಿ ದುಡಿದವರು. ನೆಲ ಅಗೆಯುವ ಕಷ್ಟ ಬಲ್ಲವರ ಕೈಗೆ ಸ್ಮಶಾನದ ಹೊಣೆ ಬಂದುದು ಎಷ್ಟು ಉಚಿತವಾಗಿದೆ! ಮುಂದೆ 217ರಲ್ಲಿ ಅವರೇ ಜಗದ್ಗುರುಗಳಾದರು. ಮೂರನೆಯ ಶತಮಾನದ ಒಂಬತ್ತು ಮಂದಿ ಜಗದ್ಗುರುಗಳು ಆ ಸ್ಮಶಾನದ ಒಂದೇ ಕೋಣೆಯಲ್ಲಿ ಮಲಗಿದರು. ಅದರ ಸುತ್ತಲಿನ ಓಣಿಗಳಲ್ಲಿ ಗುಲಾಮರು, ಕೂಲಿಯವರು, ವಿಧವೆಯರು, ಹಸುಗೂಸುಗಳು ಸಾವಿರಾರು ಸಂಖ್ಯೆಯಲ್ಲಿ ಮಲಗಿದರು.

ಇದರ ಖರ್ಚು ಯಾರದು? ಆ ಕಾಲದ ಲೇಖಕ ತೆರ್ತುಲ್ಲಿಯನರು ಹೇಳುವಂತೆ ಕ್ರೈಸ್ತರು ತಿಂಗಳಿಗೊಮ್ಮೆ ತಮ್ಮ ಶಕ್ತ್ಯಾನುಸಾರ ಕಾಣಿಕೆ ನೀಡುತ್ತಿದ್ದರು. ಬಡವರಿಗೆ ಉಣಿಸಲೂ ಬಡವರನ್ನು ಹೂಳಲೂ ಆ ಹಣ ವಿನಿಯೋಗವಾಗುತ್ತಿತ್ತು. ಸಂತ ಹಿಪ್ಪೊಲಿಟುಸರದೆಂದು ಹೇಳಲಾಗುವ 'ಪ್ರೇಷಿತ ಸಂಪ್ರದಾಯ' ಎಂಬ ಪುರಾತನ ಗ್ರಂಥದಲ್ಲಿ ಸ್ಮಶಾನದ ಬಗ್ಗೆ ಒಂದು ಚಿಕ್ಕ ನಿಯಮವಿದೆ. ಅದನ್ನು ಓದಿದಾಗಲೆಲ್ಲ ನಮಗೆ ಖಾನಾಪುರದ ನೆನಪಾಗುತ್ತದೆ. ಸ್ಮಶಾನವು ಎಲ್ಲ ಬಡವರಿಗಾಗಿ ಇರುವುದರಿಂದ ಹೂಳುವುದಕ್ಕೆ ಜನರಿಂದ ಹೆಚ್ಚು ಹಣ ಕೇಳಬಾರದು. ಅಗೆಯುವವನ ಕೂಲಿಯನ್ನೂ ಹಂಚಿನ ಬೆಲೆಯನ್ನೂ ಮಾತ್ರ ಕೊಡಬೇಕು. ಅಲ್ಲಿದ್ದು ನೋಡಿಕೊಳ್ಳುವವರ ಜೀವನವನ್ನು ಧರ್ಮಾಧ್ಯಕ್ಷರು ನಿರ್ವಹಿಸಬೇಕು ಎಂಬುದು ಅದರ ಸಾರಾಂಶ. ಹಂಚಿನ ಬೆಲೆ ಏಕೆಂದರೆ, ಗೂಡಿನ ಬಾಯಿಯನ್ನು ಹಂಚುಗಳಿಂದ ಮುಚ್ಚಿ ಗಾರೆ ಮೆತ್ತುತ್ತಿದ್ದರು. ಹಂಚು, ಇಟ್ಟಿಗೆ, ಕುಂಬಾರಿಕೆಗಳಿಗೆ ಹೆಸರಾದ ನಮ್ಮ ಊರಿನಲ್ಲಿ ಒಂದು ಹಂಚಿನ ಬೆಲೆ ಎಷ್ಟೆಂದು ಯಾರಿಗೂ ಹೇಳಬೇಕಾಗಿಲ್ಲ. ಹೆಸರು ಕೆತ್ತಿಸಲು ಹಣವಿಲ್ಲದ ತಾಯಿತಂದೆಯರು ಗಾರೆ ಹಸಿಯಾಗಿರುವಾಗಲೇ ಅದರಲ್ಲಿ ಒಂದು ನಾಣ್ಯವನ್ನೋ, ಚಿಪ್ಪನ್ನೋ, ಗಾಜಿನ ಚೂರನ್ನೋ, ಮಗುವಿನ ಗೊಂಬೆಯನ್ನೋ ಒತ್ತಿಬಿಡುತ್ತಿದ್ದರು. ಕತ್ತಲೆಯ ಓಣಿಯಲ್ಲಿ ದೀಪ ಹಿಡಿದು ಬಂದಾಗ ತಮ್ಮ ಮಗು ಮಲಗಿದ ಗೂಡು ಯಾವುದೆಂದು ಗುರುತಿಸಲು ಅದು ಸಾಕಾಗುತ್ತಿತ್ತು.

ಅಗೆಯುವವರಿಗೆ 'ಫೊಸ್ಸೋರ್' ಎಂದು ಹೆಸರು. ದೊಮಿತಿಲ್ಲಾ ಸ್ಮಶಾನದಲ್ಲಿ ದಿಯೋಜೆನೆಸ್ ಎಂಬ ಫೊಸ್ಸೋರನ ಚಿತ್ರವಿತ್ತು: ಹೆಗಲ ಮೇಲೆ ಗುದ್ದಲಿ, ಕೈಯಲ್ಲಿ ದೀಪ. ಕುಣಿ ತೋಡುವವನ ಚಿತ್ರವನ್ನು ಗೋಡೆಯ ಮೇಲೆ ಬರೆಸಿದ ಸಭೆ ನಮ್ಮದು ಎಂಬುದನ್ನು ಈ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತಿರುವ ನಮ್ಮ ಕಾಕಾ ಕೇಳಿಸಿಕೊಳ್ಳಲಿ.

ಆದರೆ ಸತ್ಯವನ್ನು ಪೂರ್ತಿಯಾಗಿ ಹೇಳಬೇಕು. ಆಗಲೂ ಧನಿಕರಿಗೆ ಕಮಾನು ಕಟ್ಟಿ ಬಣ್ಣದ ಚಿತ್ರ ಬರೆಸಿದ ಕೋಣೆಗಳಿದ್ದವು. ಹಿಂಸೆ ಮುಗಿದು ಶಾಂತಿ ಬಂದ ನಾಲ್ಕನೆಯ ಶತಮಾನದಲ್ಲಿ ಪರಿಸ್ಥಿತಿ ಇನ್ನಷ್ಟು ಬದಲಾಯಿತು. ವೇದಸಾಕ್ಷಿಗಳ ಸಮಾಧಿಯ ಪಕ್ಕದಲ್ಲೇ ತಮಗೆ ಜಾಗ ಬೇಕೆಂಬ ಆಸೆ ಹೆಚ್ಚಿತು. ಫೊಸ್ಸೋರರು ಗೂಡುಗಳನ್ನು ಮಾರತೊಡಗಿದರು. ಮಾರಾಟದ ಒಪ್ಪಂದಗಳನ್ನು ಕಲ್ಲಿನ ಮೇಲೆಯೇ ಕೆತ್ತಿಸಿದ್ದು ಇಂದಿಗೂ ಉಳಿದಿದೆ. ಸಂತರ ಪಕ್ಕದಲ್ಲಿ ಹೂಳಿದರೆ ಆತ್ಮಕ್ಕೆ ಲಾಭವುಂಟೇ ಎಂದು ನೋಲಾದ ಧರ್ಮಾಧ್ಯಕ್ಷ ಪೌಲಿನುಸರು ಸಂತ ಅಗಸ್ಟಿನರನ್ನು ಕೇಳಿದಾಗ ಅವರು ಒಂದು ಪುಸ್ತಕವನ್ನೇ ಬರೆದು ಉತ್ತರಿಸಿದರು. ಜಾಗದಿಂದಲೇ ಲಾಭವಿಲ್ಲ, ಆ ಜಾಗ ಪ್ರಾರ್ಥನೆಯನ್ನು ನೆನಪಿಸಿದರೆ ಲಾಭವುಂಟು ಎಂಬುದು ಅವರ ಅಭಿಪ್ರಾಯದ ತಿರುಳು. ಅವರ ತಾಯಿ ಸಂತ ಮೋನಿಕಾ 387ರಲ್ಲಿ ಓಸ್ತಿಯಾದಲ್ಲಿ, ತಾಯ್ನಾಡಿನಿಂದ ಬಹುದೂರದಲ್ಲಿ ಮರಣಶಯ್ಯೆಯಲ್ಲಿದ್ದಾಗ, ದೇಹವನ್ನು ಎಲ್ಲಿ ಬೇಕಾದರೂ ಹೂಳಿರಿ, ಬಲಿಪೀಠದಲ್ಲಿ ನನ್ನನ್ನು ನೆನೆಯಿರಿ ಎಂಬರ್ಥದ ಮಾತು ಹೇಳಿದ್ದರು. ಊರಿನಲ್ಲಿ ಗಂಡನ ಪಕ್ಕದಲ್ಲೇ ತಮಗೆ ಜಾಗ ಮಾಡಿಸಿಟ್ಟುಕೊಂಡಿದ್ದ ತಾಯಿ ಆಕೆ ಎಂಬುದನ್ನು ನೆನೆದರೆ ಆ ಮಾತಿನ ತೂಕ ತಿಳಿಯುತ್ತದೆ. ಜಗದ್ಗುರು ದಮಾಸುಸರು (366-384) ಹಿಂದಿನ ಜಗದ್ಗುರುಗಳ ಕೋಣೆಯಲ್ಲಿ ತಾವೂ ಮಲಗಬೇಕೆಂದು ಆಶಿಸಿ, ಆ ಪುನೀತರಿಗೆ ತೊಂದರೆಯಾದೀತೆಂದು ಅಂಜಿ ಹಿಂದೆ ಸರಿದರು. ಹಾಗೆಂದು ಅಲ್ಲಿಯೇ ಕಲ್ಲಿನ ಮೇಲೆ ಬರೆಸಿದರು.

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಐದನೆಯ ಶತಮಾನದಲ್ಲಿ ಅಲ್ಲಿ ಹೂಳುವುದು ನಿಂತಿತು. ಎಂಟು, ಒಂಬತ್ತನೆಯ ಶತಮಾನಗಳಲ್ಲಿ ವೇದಸಾಕ್ಷಿಗಳ ಅವಶೇಷಗಳನ್ನು ಊರೊಳಗಿನ ದೇವಾಲಯಗಳಿಗೆ ಸಾಗಿಸಲಾಯಿತು. ಬಹುತೇಕ ಓಣಿಗಳು ಮಣ್ಣು ಮುಚ್ಚಿ ಮರೆತುಹೋದವು. 1578ರ ಮೇ 31ರಂದು ಸಲಾರಿಯ ಹೆದ್ದಾರಿಯ ಪಕ್ಕದ ದ್ರಾಕ್ಷಿತೋಟವೊಂದರಲ್ಲಿ ಮಣ್ಣು ಅಗೆಯುತ್ತಿದ್ದವರಿಗೆ ಆಕಸ್ಮಿಕವಾಗಿ ಒಂದು ಓಣಿ ಸಿಕ್ಕಿತು. ಅನಂತರ ಬಂದ ಅಂತೋನಿಯೋ ಬೋಸಿಯೋ, ಹತ್ತೊಂಬತ್ತನೆಯ ಶತಮಾನದ ಜೊವಾನ್ನಿ ಬತ್ತಿಸ್ತಾ ದೆ ರೊಸ್ಸಿ ಇವರಿಬ್ಬರ ಉಪಕಾರ ದೊಡ್ಡದು. ದೆ ರೊಸ್ಸಿಯವರಿಗೆ 1849ರಲ್ಲಿ ಒಂದು ಒಡೆದ ಅಮೃತಶಿಲೆಯ ತುಂಡು ದೊರೆಯಿತು. ಅದರ ಮೇಲೆ ಒಂದು ಹೆಸರಿನ ಕೊನೆಯ ಅಕ್ಷರಗಳು ಮತ್ತು ವೇದಸಾಕ್ಷಿ ಎಂಬ ಪದ ಮಾತ್ರ ಇದ್ದವು. ಅದು ಜಗದ್ಗುರು ಕೊರ್ನೇಲಿಯುಸರ ಸಮಾಧಿಯದೆಂದು ಅವರು ಊಹಿಸಿದರು. ಆ ತೋಟವನ್ನು ಕೊಳ್ಳುವಂತೆ ಜಗದ್ಗುರು ಒಂಬತ್ತನೆಯ ಪಿಯುಸರನ್ನು ಒಪ್ಪಿಸಿದರು. 1852ರಲ್ಲಿ ಸಮಾಧಿಯೂ ಕಲ್ಲಿನ ಉಳಿದ ತುಂಡೂ ಸಿಕ್ಕವು. 1854ರಲ್ಲಿ ಜಗದ್ಗುರುಗಳ ಕೋಣೆಯೇ ತೆರೆದುಕೊಂಡಿತು.

'ಕ್ಯಾಟಕೂಂಬು' ಎಂಬ ಹೆಸರು ಆಪ್ಪಿಯ ಹೆದ್ದಾರಿಯ ಒಂದು ತಗ್ಗುಪ್ರದೇಶದ ಸ್ಥಳನಾಮದಿಂದ ಬಂದುದು. ಪ್ಯಾರಿಸಿನಲ್ಲಿ 1786ರಿಂದ ತುಂಬಿ ತುಳುಕುತ್ತಿದ್ದ ಸ್ಮಶಾನಗಳ ಎಲುಬುಗಳನ್ನು ಹಳೆಯ ಕಲ್ಲುಗಣಿಗಳ ಸುರಂಗಕ್ಕೆ ಸಾಗಿಸಿದಾಗ ಅದಕ್ಕೂ ಇದೇ ಹೆಸರಿಟ್ಟರು. ಸುಮಾರು 60 ಲಕ್ಷ ಜನರ ಎಲುಬುಗಳು ಅಲ್ಲಿವೆಯಂತೆ. ರಾತ್ರಿ ಹೊತ್ತು ಗುರುಗಳು ಮೃತರ ಪ್ರಾರ್ಥನೆ ಹಾಡುತ್ತ ಬಂಡಿಗಳೊಡನೆ ನಡೆದರೆಂಬುದನ್ನು ನಾವು ಗೌರವಿಸುತ್ತೇವೆ. ಆದರೆ ಬಳಿಕ ತಲೆಬುರುಡೆಗಳನ್ನು ಅಲಂಕಾರವಾಗಿ ಜೋಡಿಸಿ, ಟಿಕೀಟಿಟ್ಟು ತೋರಿಸುವುದನ್ನು ಮೆಚ್ಚಲಾರೆವು. ಆದಿಕ್ರೈಸ್ತರು ತಮ್ಮ ಸ್ಮಶಾನವನ್ನು ಕರೆಯುತ್ತಿದ್ದ ಹೆಸರು ಬೇರೆ: ಗ್ರೀಕಿನ 'ಕೊಯ್ಮೆತೇರಿಯೋನ್', ಮಲಗುವ ಸ್ಥಳ, ನಿದ್ರಾಲಯ. ಲತೀನು, ಪೋರ್ತುಗೀಸುಗಳನ್ನು ದಾಟಿ ಆ ಪದವೇ ನಮ್ಮ ಮನೆಗಳ ಕೊಂಕಣಿಯಲ್ಲಿ 'ಸಿಮಿತೆರ್' ಆಗಿದೆ. ಅಜ್ಜಿಯರು ಆ ಪದ ನುಡಿದಾಗಲೆಲ್ಲ ಪುನರುತ್ಥಾನದ ವಿಶ್ವಾಸವನ್ನೇ ನುಡಿಯುತ್ತಿದ್ದಾರೆ, ಮಲಗಿದವರು ಏಳುವವರಲ್ಲವೇ?

ಸಂತ ಫ್ರಾನ್ಸಿಸ್ ಝೇವಿಯರರ ದರ್ಶನಕ್ಕೆಂದು 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ನಡೆದ ಮಹೋತ್ಸವಕ್ಕೆ ಇಲ್ಲಿಂದ ಅನೇಕರು ಹಳೆಯ ಗೋವೆಗೆ ಹೋಗಿಬಂದಿರಿ. ಅಲ್ಲಿಯ ದೊಡ್ಡ ದೇವಾಲಯಗಳ ನೆಲದಲ್ಲಿ ಲಾಂಛನ ಕೆತ್ತಿದ ಗೋರಿಕಲ್ಲುಗಳನ್ನು ತುಳಿದುಕೊಂಡೇ ನಡೆದಿರುತ್ತೀರಿ. ಆ ಕಾಲದಲ್ಲಿ ಪ್ರತಿಷ್ಠಿತರು ದೇವಾಲಯದೊಳಗೆ, ಬಲಿಪೀಠಕ್ಕೆ ಆದಷ್ಟು ಹತ್ತಿರ ಹೂಳಿಸಿಕೊಳ್ಳುತ್ತಿದ್ದರು. 1983ರ ಧರ್ಮಸಭೆಯ ಕಾನೂನಿನ ಪ್ರಕಾರ ಜಗದ್ಗುರುಗಳು, ಕಾರ್ಡಿನಲ್ಲರು, ತಮ್ಮ ಸ್ವಂತ ದೇವಾಲಯದಲ್ಲಿ ಧರ್ಮಾಧ್ಯಕ್ಷರು, ಇವರ ಹೊರತು ಯಾರನ್ನೂ ದೇವಾಲಯದೊಳಗೆ ಹೂಳುವಂತಿಲ್ಲ. ಆದರೆ ಸಂತ ಝೇವಿಯರರೇ 1552ರ ಡಿಸೆಂಬರ್ 3ರಂದು ಚೀನಾದ ಕರಾವಳಿಯ ದ್ವೀಪವೊಂದರಲ್ಲಿ ಕಣ್ಣುಮುಚ್ಚಿದಾಗ ಅವರಿಗೆ ಸಿಕ್ಕಿದ್ದು ಮರಳಿನ ಕುಣಿ, ಒಂದಿಷ್ಟು ಸುಣ್ಣ, ಹೂಳಲು ಬೆರಳೆಣಿಕೆಯ ಜನ.

ಇಷ್ಟನ್ನೆಲ್ಲ ಏಕೆ ಹೇಳಿದೆವೆಂಬುದು ಧರ್ಮಕೇಂದ್ರದ ಪಾಲನಾ ಸಮಿತಿಯವರಿಗೆ ತಿಳಿದಿದೆ. ನಮ್ಮ ಸಿಮಿತೆರ್ ತುಂಬಿದೆ. ಕಳೆದ ಮಳೆಗಾಲದಲ್ಲಿ ಕುಣಿ ತೋಡುವ ಕಾಕಾ ನಮ್ಮ ಬಳಿ ಬಂದು, "ಫಾದರ್, ಇನ್ನ ಜಾಗಾ ಇಲ್ಲರಿ. ಎಲ್ಲಿ ಗುದ್ದಲಿ ಹಾಕಿದ್ರೂ ಯಾರರೆ ಒಬ್ರು ಸಿಗ್ತಾರ" ಎಂದರು. ಅದೇ ವಾರ ಮೂರು ಕುಟುಂಬದವರು ಶತಮಾನೋತ್ಸವದ ನಿಧಿಗೆ ದೊಡ್ಡ ಮೊತ್ತವನ್ನು ಕೊಡುವುದಾಗಿಯೂ, ತಮಗೆ ಕಾಯಂ ಗೋರಿ ಕಟ್ಟಿಸಿಕೊಳ್ಳಲು ಜಾಗ ಬರೆದುಕೊಡಬೇಕೆಂದೂ ಕೇಳಿದರು. ಅವರ ಪ್ರೀತಿ ಕಪಟವಲ್ಲ. ತಂದೆಯ ಕುಣಿಯ ಮೇಲೆ ಇನ್ನೊಬ್ಬರ ಕುಣಿ ಬರಬಾರದೆಂದು ಬಯಸುವ ಮಗನನ್ನು ನಾವು ಹೇಗೆ ದೂಷಿಸೋಣ? ಆದರೂ ನಾವು ಒಪ್ಪಲಿಲ್ಲ. ಒಪ್ಪದಿರಲು ಕಾರಣ ನಮ್ಮದೇ ಒಂದು ಹಳೆಯ ತಪ್ಪು.

ಬಹಳ ವರ್ಷಗಳ ಹಿಂದೆ ನಾವು ಬೇರೊಂದು ಊರಿನಲ್ಲಿದ್ದಾಗ ಚರ್ಚಿನ ಮಾಡು ಸೋರುತ್ತಿತ್ತು, ಹಣವಿರಲಿಲ್ಲ. ಆಗ ಹನ್ನೆರಡು ಕುಟುಂಬಗಳಿಗೆ ಕಾಯಂ ಜಾಗಗಳನ್ನು ಕೊಟ್ಟೆವು. ಮಾಡು ದುರಸ್ತಿಯಾಯಿತು, ನಮಗೆ ಸನ್ಮಾನವೂ ಆಯಿತು. ಸ್ಮಶಾನದ ಎತ್ತರದ, ಒಣನೆಲದ ಅರ್ಧ ಭಾಗ ಅಮೃತಶಿಲೆಯಿಂದ ಮುಚ್ಚಿತು. ಮೂರನೆಯ ವರ್ಷದ ಜುಲೈ ತಿಂಗಳಲ್ಲಿ ಕೂಲಿಗೆ ಬಂದಿದ್ದ ಒಂದು ಕುಟುಂಬದ ಮಗು ತೀರಿಕೊಂಡಿತು. ಕೆಳಗಿನ ಗೋಡೆಯ ಮಗ್ಗುಲಲ್ಲಿ ಮಾತ್ರ ಜಾಗವಿತ್ತು. ನೀರು ತುಂಬಿದ ಕುಣಿಯಲ್ಲಿ ಆ ಚಿಕ್ಕ ಪೆಟ್ಟಿಗೆ ತೇಲಿತು. ಕೋಲಿನಿಂದ ಒತ್ತಿ ಹಿಡಿದು ಮಣ್ಣು ಹಾಕಬೇಕಾಯಿತು. ಮಗುವಿನ ತಂದೆ ಏನೂ ಹೇಳಲಿಲ್ಲ. ನಮಗೆ ನಮಸ್ಕರಿಸಿ ಹೋದನು. ಮೇಲೆ ಹನ್ನೆರಡು ಗೋರಿಗಳಲ್ಲಿ ಏಳು ಇನ್ನೂ ಖಾಲಿಯಾಗಿದ್ದವು.

ಆದುದರಿಂದ ಪಾಲನಾ ಸಮಿತಿಯ ಮುಂದೆ ನಾವು ಇಟ್ಟಿರುವ ಸಲಹೆ ಹೀಗಿದೆ. ಕಾಯಂ ಗೋರಿಗಳು ಬೇಡ. ಸ್ಮಶಾನದ ಎತ್ತರದ ಮೂಲೆಯಲ್ಲಿ, ನೀರು ನಿಲ್ಲದ ಕಡೆ, ಚಿರೇಕಲ್ಲಿನಿಂದ ಕಟ್ಟಿದ ಒಂದು ಅಸ್ಥಿಗೃಹವನ್ನು ಮಾಡೋಣ. ನಿಗದಿತ ವರ್ಷಗಳು ಕಳೆದ ಮೇಲೆ, ಮನೆಯವರಿಗೆ ತಿಳಿಸಿ, ಪ್ರಾರ್ಥನೆಯೊಡನೆ ಎಲುಬುಗಳನ್ನು ಎತ್ತಿ ಅಲ್ಲಿ ಇರಿಸೋಣ. ಗೋಡೆಯ ಮೇಲೆ ಪ್ರತಿಯೊಬ್ಬರ ಹೆಸರನ್ನು ಒಂದೇ ಅಳತೆಯ ಹಂಚಿನಲ್ಲಿ ಬರೆಸೋಣ. ಹೀಗೆ ಕುಣಿಗಳು ಮುಂದಿನವರಿಗೆ ದೊರೆಯುತ್ತವೆ. ಬೆಳಗಾವಿ ನಗರದಲ್ಲಿ ನೆಲೆಸಿದ ನಮ್ಮ ಕೆಲವರು ದಹನದ ಬಗ್ಗೆಯೂ ಕೇಳಿದ್ದಾರೆ. 1963ರಿಂದ ಶ್ರೀಸಭೆ ಅದಕ್ಕೆ ಅನುಮತಿ ನೀಡಿದೆ, ಹೂಳುವುದನ್ನೇ ಹೆಚ್ಚು ಇಷ್ಟಪಡುತ್ತದೆ. 2016ರ ಸೂಚನೆಯಂತೆ ಬೂದಿಯನ್ನು ನದಿಯಲ್ಲಿ ಚೆಲ್ಲದೆ ಪವಿತ್ರ ಸ್ಥಳದಲ್ಲಿ ಇರಿಸಬೇಕು. ಅದಕ್ಕೂ ಇದೇ ಗೃಹದಲ್ಲಿ ಕೆಲವು ಗೂಡುಗಳನ್ನು ಬಿಡಬಹುದು.

ಎಲುಬು ಎತ್ತುವುದು ಅಗೌರವವಲ್ಲವೇ ಎಂದು ಒಬ್ಬ ತಾಯಿ ಕೇಳಿದರು. ವೇದಸಾಕ್ಷಿಗಳ ಎಲುಬುಗಳನ್ನೇ ಎತ್ತಿ ಸಾಗಿಸಿದವರು ನಾವು. ಬ್ರಹ್ಮಗಿರಿಯ ಆ ಅನಾಮಿಕರೂ ತಮ್ಮವರ ಎಲುಬುಗಳನ್ನು ಕೂಡಿಸಿಟ್ಟವರೇ. ಅಗೌರವ ಎತ್ತುವುದರಲ್ಲಿಲ್ಲ, ಈಗ ನಡೆಯುತ್ತಿರುವಂತೆ ಗುದ್ದಲಿಗೆ ಸಿಕ್ಕದ್ದನ್ನು ಪಕ್ಕಕ್ಕೆ ಸರಿಸಿ ಮುಚ್ಚುವುದರಲ್ಲಿದೆ ಎಂದು ಆಕೆಗೆ ಹೇಳಿದೆವು. ಆಕೆಗೆ ಪೂರ್ತಿ ಸಮಾಧಾನವಾಗಲಿಲ್ಲ. ಅದನ್ನೂ ಇಲ್ಲಿ ಹೇಳಬೇಕು. 2025ರ ಏಪ್ರಿಲ್ 21ರಂದು ದೈವಾಧೀನರಾದ ಜಗದ್ಗುರು ಫ್ರಾನ್ಸಿಸರು ತಮ್ಮ ಸಮಾಧಿ ಮಣ್ಣಿನಲ್ಲಿರಲಿ, ಸರಳವಾಗಿರಲಿ, ಹೆಸರೊಂದನ್ನು ಬಿಟ್ಟು ಬೇರೇನೂ ಬೇಡ ಎಂದು ಮರಣಶಾಸನದಲ್ಲಿ ಬರೆದಿಟ್ಟಿದ್ದರೆಂಬುದನ್ನು ನಾವು ಆ ಮೂರು ಕುಟುಂಬದವರಿಗೂ ತಿಳಿಸಿದ್ದೇವೆ. ಒಂದು ಕುಟುಂಬದವರು ಆಗಲೇ ಅಸ್ಥಿಗೃಹದ ಕಲ್ಲಿನ ಖರ್ಚು ತಮ್ಮದೆಂದು ಹೇಳಿಕಳುಹಿಸಿದ್ದಾರೆ. ಹೆಸರು ಹಾಕಬಾರದೆಂಬುದು ಅವರ ಷರತ್ತು. ಉಳಿದ ಇಬ್ಬರ ಉತ್ತರ ಇನ್ನೂ ಬಂದಿಲ್ಲ.

ನಾಳೆ ಸಂಜೆ ನಾಲ್ಕು ಗಂಟೆಗೆ ಸಿಮಿತೆರಿನಲ್ಲಿ ದಿವ್ಯಬಲಿಪೂಜೆ, ಸಮಾಧಿಗಳ ಆಶೀರ್ವಾದ. ಅದಾದ ಮೇಲೆ ಮೇಲಿನ ಮೂಲೆಯಲ್ಲಿ ಹಗ್ಗ ಹಿಡಿದು ಅಳತೆ ಮಾಡಬೇಕೆಂದಿದ್ದೇವೆ. ಎಷ್ಟು ಆಳಕ್ಕೆ ನೀರು ಬರುತ್ತದೆಂದು ಕಾಕಾ ಅಗೆದು ತೋರಿಸುತ್ತಾರೆ. ಒಪ್ಪದವರೂ ಬನ್ನಿ, ನಿಂತು ನೋಡಿ, ಅಲ್ಲಿಯೇ ಮಾತನಾಡಿ. ಯುವಕರು ಎರಡು ಗುದ್ದಲಿ, ಒಂದು ಹಾರೆ ತಂದರೆ ಸಾಕು. ಚಹಾದ ವ್ಯವಸ್ಥೆಯನ್ನು ಕನ್ಯಾಸ್ತ್ರೀಯರು ನೋಡಿಕೊಳ್ಳುತ್ತಾರೆ.